ವರದಿ ನಿಂತಿದೆ, ಶಾಸಕರು ನಿಲ್ಲಲಿಲ್ಲ

ಅರಕಲಗೂಡು ಕ್ಷೇತ್ರದಿಂದ ನಾಲ್ಕು ಬಾರಿ ವಿಧಾನಸಭೆಗೆ ಹೋದ ಎ.ಟಿ. ರಾಮಸ್ವಾಮಿಯವರ ಬಗ್ಗೆ ಅದೇ ಕ್ಷೇತ್ರದ ಕೊಣನೂರಿನಲ್ಲಿ ಇಂದಿಗೂ ಎರಡು ಮಾತು ಕೇಳಿಬರುತ್ತವೆ. ಭೂಗಳ್ಳರನ್ನು ಎದುರು ಹಾಕಿಕೊಂಡ ಶಾಸಕ ಎನ್ನುವುದು ಒಂದು. ಕೊನೆಗೆ ಅವರೂ ಪಕ್ಷ ಬದಲಿಸಿದರಲ್ಲ ಎನ್ನುವುದು ಇನ್ನೊಂದು. ಎರಡೂ ನಿಜ. ಮೊದಲನೆಯದನ್ನು ಹೇಳಿ ಎರಡನೆಯದನ್ನು ಮುಚ್ಚುವುದು ಅಭಿಮಾನ. ಎರಡನೆಯದನ್ನು ಹೇಳಿ ಮೊದಲನೆಯದನ್ನು ಅಳಿಸುವುದು ದ್ವೇಷ. ಪ್ರಗತಿಪರರೆಂದು ಹೆಸರಾದ ಜನಪ್ರತಿನಿಧಿಯ ಸಾಧನೆಯನ್ನು ತೂಗುವಾಗ ಇವೆರಡನ್ನೂ ಬದಿಗಿಡಬೇಕು. ನಮ್ಮ ಅಭಿಪ್ರಾಯ ಸ್ಪಷ್ಟವಾಗಿದೆ: 2007ರಲ್ಲಿ ರಾಮಸ್ವಾಮಿಯವರು ಕೊಟ್ಟ ಭೂ ಒತ್ತುವರಿ ವರದಿ ಈ ರಾಜ್ಯದ ಶಾಸಕರೊಬ್ಬರು ಮಾಡಿದ ಅತ್ಯಂತ ಧೈರ್ಯದ ಕೆಲಸಗಳಲ್ಲಿ ಒಂದು. 2023ರ ಏಪ್ರಿಲ್‌ನಲ್ಲಿ ಅವರು ಇಟ್ಟ ಹೆಜ್ಜೆ ಆ ವರದಿಗೆ ಅವರೇ ಮಾಡಿದ ಅನ್ಯಾಯ.

ಮೊದಲು ಅವರಿಗೆ ಸಲ್ಲಬೇಕಾದದ್ದು ಸಲ್ಲಲಿ. ಬೆಂಗಳೂರು ನಗರ ಜಿಲ್ಲೆಯಲ್ಲಿ ಸರ್ಕಾರಿ ಜಮೀನು ಒತ್ತುವರಿಯಾಗಿರುವುದನ್ನು ಪರಿಶೀಲಿಸಲು ವಿಧಾನಮಂಡಲ ಜಂಟಿ ಸದನ ಸಮಿತಿ ರಚಿಸಿ, ಅದರ ಅಧ್ಯಕ್ಷತೆಯನ್ನು ರಾಮಸ್ವಾಮಿಯವರಿಗೆ ವಹಿಸಿತ್ತು. ಸದನ ಸಮಿತಿಗಳೆಂದರೆ ಸಾಮಾನ್ಯವಾಗಿ ಪ್ರವಾಸ, ಸಭೆ, ಭತ್ಯೆ, ಕೊನೆಗೊಂದು ಕಡತ ಎಂಬ ಅನುಭವ ನಮ್ಮ ರಾಜ್ಯದ್ದು. ಈ ಸಮಿತಿ ಹಾಗೆ ಮುಗಿಯಲಿಲ್ಲ. 2007ರ ಫೆಬ್ರುವರಿಯಲ್ಲಿ ಒಂದು, ಜುಲೈನಲ್ಲಿ ಇನ್ನೊಂದು, ಹೀಗೆ ಎರಡು ವರದಿಗಳನ್ನು ಅದು ಕೊಟ್ಟಿತು. ರಾಜಧಾನಿಯ ಸುತ್ತ 27 ಸಾವಿರ ಎಕರೆಗೂ ಹೆಚ್ಚು ಸರ್ಕಾರಿ ಜಮೀನು ಒತ್ತುವರಿಯಾಗಿದೆ, ಅದರ ಬೆಲೆ ಸುಮಾರು 40 ಸಾವಿರ ಕೋಟಿ ರೂಪಾಯಿ ಎಂದು ಲೆಕ್ಕ ಕೊಟ್ಟಿತು. ಆಗ ಅಧಿಕಾರದಲ್ಲಿದ್ದದ್ದು ಎಚ್.ಡಿ. ಕುಮಾರಸ್ವಾಮಿಯವರ ಸರ್ಕಾರ. ರಾಮಸ್ವಾಮಿಯವರು ಜೆಡಿಎಸ್ ಶಾಸಕರು. ಅಂದರೆ ಅವರು ಬೆರಳು ತೋರಿಸಿದ್ದು ತಮ್ಮದೇ ಪಕ್ಷ ನಡೆಸುತ್ತಿದ್ದ ಆಡಳಿತದ ಕಡೆಗೆ. ವಿರೋಧ ಪಕ್ಷದ ಸಾಲಿನಲ್ಲಿ ಕುಳಿತು ಗುಡುಗುವುದಕ್ಕೂ ಆಡಳಿತ ಪಕ್ಷದ ಸಾಲಿನಲ್ಲಿ ಕುಳಿತು ಸತ್ಯ ಹೇಳುವುದಕ್ಕೂ ಎಷ್ಟು ಅಂತರವೆಂದು ರಾಜಕೀಯ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ.

ಆ ವರದಿಯ ಮಹತ್ವ ಎಕರೆಗಳ ಲೆಕ್ಕಕ್ಕೆ ಮುಗಿಯುವುದಿಲ್ಲ. ಸರ್ಕಾರದ ನೆಲ ಹೇಗೆ ಕೈತಪ್ಪುತ್ತದೆ ಎಂಬುದನ್ನು ಅದು ಜನರೆದುರು ಇಟ್ಟಿತು. ಗೋಮಾಳದ ಸರ್ವೆ ನಂಬರಿಗೆ ಎಂದೋ ಮಂಜೂರಾಗಿತ್ತೆಂದು ಹಳೆಯ ದಿನಾಂಕದ ಸಾಗುವಳಿ ಚೀಟಿ ಹುಟ್ಟುತ್ತದೆ. ಅದನ್ನು ಹಿಡಿದು ಖಾತೆ ಆಗುತ್ತದೆ, ಪಹಣಿಯಲ್ಲಿ ಹೆಸರು ಏರುತ್ತದೆ, ಒಂದೆರಡು ಕೈ ಬದಲಾದ ಮೇಲೆ ಬಡಾವಣೆಯ ನಕ್ಷೆ ಬರುತ್ತದೆ. ರಾಜಕಾಲುವೆ, ಬಂಡಿದಾರಿ, ಗುಂಡುತೋಪು, ಸ್ಮಶಾನಗಳು ಪಕ್ಕದ ಹಿಡುವಳಿ ಜಮೀನಿನ ಕಾಂಪೌಂಡಿನೊಳಗೆ ಸೇರಿಹೋಗುತ್ತವೆ. ಕೆರೆ ಒಣಗಿದ ವರ್ಷ ಅಂಗಳಕ್ಕೆ ಮಣ್ಣು ಬೀಳುತ್ತದೆ. ಇವುಗಳಲ್ಲಿ ಒಂದೂ ಕಂದಾಯ ಇಲಾಖೆಯ ಸಹಿ, ಮೊಹರು, ಮೌನ ಇಲ್ಲದೆ ನಡೆಯುವಂಥದ್ದಲ್ಲ. ಬೇಲಿಯೇ ಎದ್ದು ಹೊಲ ಮೇಯುತ್ತಿದೆ ಎಂಬುದನ್ನು ಸಮಿತಿ ಕಾಗದಪತ್ರಗಳ ಸಮೇತ ಹೇಳಿತು.

ಸರ್ಕಾರಗಳು ಮಾಡಿದ್ದೇನು? ಎಲ್ಲ ಪಕ್ಷಗಳ ಹೆಸರೂ ಇಲ್ಲಿ ಬರಬೇಕು. ಆಂಧ್ರಪ್ರದೇಶ 1982ರಲ್ಲೇ ಭೂ ಕಬಳಿಕೆ ನಿಷೇಧ ಕಾಯ್ದೆ ಮಾಡಿಕೊಂಡಿತ್ತು. ಕರ್ನಾಟಕದ ಕಾಯ್ದೆಯ ಹೆಸರಿನಲ್ಲಿ 2011 ಎಂದಿದ್ದರೂ ಅದು ಕಾನೂನಾದದ್ದು 2014ರಲ್ಲಿ. ವಿಶೇಷ ನ್ಯಾಯಾಲಯ ಬೆಂಗಳೂರಿನಲ್ಲಿ ಶುರುವಾದದ್ದು 2016ರಲ್ಲಿ. ವರದಿ ಬಂದು ಒಂಬತ್ತು ವರ್ಷ! ಅಷ್ಟರಲ್ಲಿ ಬಿಜೆಪಿ ಸರ್ಕಾರವೇ ನೇಮಿಸಿದ್ದ ಕಾರ್ಯಪಡೆಯ ಅಧ್ಯಕ್ಷ, ನಿವೃತ್ತ ಹಿರಿಯ ಐಎಎಸ್ ಅಧಿಕಾರಿ ವಿ. ಬಾಲಸುಬ್ರಮಣಿಯನ್ 2011ರಲ್ಲಿ ಇನ್ನೊಂದು ವರದಿ ಕೊಟ್ಟರು. ರಾಮಸ್ವಾಮಿ ಸಮಿತಿ ಒಂದು ಜಿಲ್ಲೆಯಲ್ಲಿ ಕಂಡದ್ದನ್ನು ಅವರು ರಾಜ್ಯದ ಉದ್ದಗಲಕ್ಕೂ ತೋರಿಸಿದರು. ಅದೂ ಕಪಾಟು ಸೇರಿತು. ಬೆಂಗಳೂರಿನ ಕೆರೆಗಳ ಒತ್ತುವರಿ ಕುರಿತು ಕೆ.ಬಿ. ಕೋಳಿವಾಡ ಅಧ್ಯಕ್ಷತೆಯ ಸದನ ಸಮಿತಿ 2017ರಲ್ಲಿ ವರದಿ ಕೊಟ್ಟಾಗ ಅಧಿಕಾರದಲ್ಲಿದ್ದದ್ದು ಕಾಂಗ್ರೆಸ್. ವರದಿ ಬರೆಸುವುದರಲ್ಲಿ ಮೂರೂ ಪಕ್ಷಗಳಿಗೆ ಇದ್ದ ಉತ್ಸಾಹ ಅದನ್ನು ಜಾರಿಗೆ ತರುವುದರಲ್ಲಿ ಒಂದಕ್ಕೂ ಇರಲಿಲ್ಲ.

ವಿಶೇಷ ನ್ಯಾಯಾಲಯ ಆದರೂ ಬಂದದ್ದು ಯಾರಿಂದ? 2014ರಲ್ಲಿ ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿಯವರು ಬೆಂಗಳೂರಿನಲ್ಲಿ 39 ದಿನ ಧರಣಿ ನಡೆಸಿದರು. ಆಗ ಅವರಿಗೆ 96 ವರ್ಷ. ರಾಮಸ್ವಾಮಿ ಮತ್ತು ಬಾಲಸುಬ್ರಮಣಿಯನ್ ವರದಿಗಳನ್ನು ಜಾರಿ ಮಾಡಿ ಎಂಬುದೇ ಅವರ ಹಟ. ಸಾಮಾಜಿಕ ಹೋರಾಟಗಾರ ಎಸ್.ಆರ್. ಹಿರೇಮಠರಂಥವರು ನ್ಯಾಯಾಲಯಗಳ ಮೆಟ್ಟಿಲು ಹತ್ತಿದರು. ಶಾಸಕರೊಬ್ಬರು ಬರೆದದ್ದನ್ನು ಶಾಸನಸಭೆ ಕೈಬಿಟ್ಟಿತು. ಯಾವ ಕುರ್ಚಿಯೂ ಇಲ್ಲದ ಹಿರಿಯರು ಅದನ್ನು ಬೀದಿಯಲ್ಲಿ ಜೀವಂತ ಇಟ್ಟರು. ಈ ಮಾತನ್ನು ಓದುಗರು ನೆನಪಿಡಬೇಕು.

ಬಂದ ಕಾಯ್ದೆಯಾದರೂ ಗಟ್ಟಿಯಾಗಿ ಉಳಿಯಿತೇ? ಭೂ ಕಬಳಿಕೆ ಮಾಡಿದವರಿಗೆ 1ರಿಂದ 3 ವರ್ಷ ಜೈಲು ಎನ್ನುವ ಆ ಕಾಯ್ದೆಯಿಂದ ಗ್ರಾಮೀಣ ಪ್ರದೇಶವನ್ನು ಹೊರಗಿಡುವ ತಿದ್ದುಪಡಿಯನ್ನು 2022ರಲ್ಲಿ ಬಿಜೆಪಿ ಸರ್ಕಾರ ತಂದಿತು. ಅದಕ್ಕೆ ಕೊಟ್ಟ ಕಾರಣದಲ್ಲಿ ಹುರುಳಿತ್ತು. ಒಂದೆರಡು ಎಕರೆ ಉಳುವ ಮಲೆನಾಡಿನ ರೈತರು ಸಮನ್ಸ್ ಹಿಡಿದು ಬೆಂಗಳೂರಿನ ನ್ಯಾಯಾಲಯಕ್ಕೆ ಅಲೆಯುವ ಸ್ಥಿತಿ ಬಂದಿತ್ತು, ಅದು ಕ್ರೌರ್ಯವೇ ಸರಿ. ಅದಕ್ಕೆ ಪರಿಹಾರ ಸಣ್ಣ ಸಾಗುವಳಿದಾರನಿಗೆ ವಿನಾಯಿತಿ ಕೊಡುವುದು, ಜಿಲ್ಲೆಗಳಲ್ಲಿ ಪೀಠ ತೆರೆಯುವುದು. ಸರ್ಕಾರ ಆರಿಸಿಕೊಂಡದ್ದು ಇಡೀ ಗ್ರಾಮೀಣ ಕರ್ನಾಟಕವನ್ನೇ ಕಾಯ್ದೆಯಿಂದ ಬಿಡಿಸುವ ದಾರಿ. ಎರಡು ಎಕರೆಯ ಬಡವನ ಹೆಸರು ಹೇಳಿ ಇನ್ನೂರು ಎಕರೆ ಬೇಲಿ ಹಾಕಿಕೊಂಡವನನ್ನೂ ಆ ತಿದ್ದುಪಡಿ ಕಾಪಾಡುತ್ತದೆ. ಅದಕ್ಕೂ ಮೊದಲು, 2020ರಲ್ಲಿ, ಭೂ ಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳನ್ನೇ ಕಿತ್ತುಹಾಕಲಾಗಿತ್ತು. ಕೃಷಿಕರಲ್ಲದವರು, ಕೃಷಿಯೇತರ ಮೂಲದಿಂದ ವರ್ಷಕ್ಕೆ 25 ಲಕ್ಷ ರೂಪಾಯಿಗಿಂತ ಹೆಚ್ಚು ಆದಾಯವಿರುವವರು ಕೃಷಿ ಜಮೀನು ಕೊಳ್ಳದಂತೆ ತಡೆದಿದ್ದ ಕಲಮುಗಳವು. ದೇವರಾಜ ಅರಸರ ಕಾಲದಲ್ಲಿ, 1974ರಿಂದ, ಉಳುವವನಿಗೆ ನೆಲ ಕೊಡಿಸಿದ ಕಾಯ್ದೆಯ ಒಂದು ಕಾವಲನ್ನು ಬಿಜೆಪಿ ತೆಗೆಯಿತು. 2020ರ ಡಿಸೆಂಬರ್‌ನಲ್ಲಿ ವಿಧಾನ ಪರಿಷತ್ತಿನಲ್ಲಿ ಅದಕ್ಕೆ ಕೈ ಜೋಡಿಸಿದ್ದು ಜೆಡಿಎಸ್.

ಇಷ್ಟೆಲ್ಲ ಬೆಂಗಳೂರಿನ ಕಥೆ, ಸುಮಾರು 200 ಕಿಲೋಮೀಟರ್ ದೂರದ ಕೊಣನೂರಿಗೆ ಅದರಿಂದೇನು ಎಂದು ಕೇಳುವವರಿದ್ದಾರೆ. ಅವರು ನಮ್ಮ ನಾಡಕಚೇರಿಯ ಮುಂದೆ ಒಂದು ಬೆಳಿಗ್ಗೆ ನಿಲ್ಲಲಿ. ಪ್ಲಾಸ್ಟಿಕ್ ಕವರಿನಲ್ಲಿ ಕಾಗದ ಸುತ್ತಿಕೊಂಡು ಬಂದ ರೈತರನ್ನು ಮಾತಾಡಿಸಲಿ. ಅಪ್ಪ 1991ರಲ್ಲಿ ಸಾಗುವಳಿ ಸಕ್ರಮ ಕೋರಿ ನಮೂನೆ 50 ಕೊಟ್ಟಿದ್ದ, ಅದಕ್ಕೆ ಉತ್ತರ ಬರಲಿಲ್ಲ. 1998–99ರಲ್ಲಿ ನಮೂನೆ 53 ಕೊಟ್ಟರು, ಕಡತ ಸಿಗುತ್ತಿಲ್ಲ ಎಂದರು. 2018ರಲ್ಲಿ ಮಗ ನಮೂನೆ 57 ಕೊಟ್ಟ, ಸರ್ವೆ ಆಗಬೇಕು ಎಂದರು. ಕವರಿನೊಳಗೆ ಮಡಿಕೆಯಲ್ಲಿ ಹರಿದ ದಂಡದ ರಸೀದಿ ಇದೆ, ಅರ್ಜಿಯ ಸ್ವೀಕೃತಿ ಇದೆ. ಸಾಗುವಳಿ ಚೀಟಿ ಮಾತ್ರ ಇಲ್ಲ. ಜಮೀನಿನಲ್ಲಿ ಹೊಗೆಸೊಪ್ಪೋ ಆಲೂಗಡ್ಡೆಯೋ ಜೋಳವೋ ನಿಂತಿದೆ, ಪಹಣಿಯಲ್ಲಿ ಇನ್ನೂ ಸರ್ಕಾರಿ ಗೋಮಾಳ. ಪಹಣಿ ಇಲ್ಲದವನಿಗೆ ಸೊಸೈಟಿಯ ಬೆಳೆ ಸಾಲ ಇಲ್ಲ, ಬೆಳೆ ವಿಮೆ ಇಲ್ಲ, ಮಳೆ ಕೈಕೊಟ್ಟರೆ ಪರಿಹಾರವೂ ಇಲ್ಲ. ಕೈಸಾಲದ ಬಡ್ಡಿ ಒಂದೇ ಗತಿ.

ಇಂಥ ಸಾಗುವಳಿಯನ್ನು ಸಕ್ರಮ ಮಾಡಬೇಕಾದ ಬಗರ್ ಹುಕುಂ ಕಾನೂನು ಕಟ್ಟಿಹಾಕುವುದು ಈ ರೈತನನ್ನೇ. ಹಿಡುವಳಿಯೂ ಸೇರಿ 4 ಎಕರೆ 38 ಗುಂಟೆ ಮೀರಬಾರದು. ನಮೂನೆ 57 ಕೊಟ್ಟವನು 2005ರ ಜನವರಿ 1ಕ್ಕೆ ಮೊದಲೇ ಸಾಗುವಳಿಯಲ್ಲಿದ್ದನೆಂದು ತೋರಿಸಬೇಕು. ನೂರು ಜಾನುವಾರಿಗೆ 12 ಹೆಕ್ಟೇರ್ ಗೋಮಾಳ ಉಳಿಯಬೇಕೆಂಬ ನಿಯಮವನ್ನು ಅವನ ಅರ್ಜಿಗೆ ತಪ್ಪದೆ ಹಚ್ಚಿ ನೋಡುತ್ತಾರೆ. ನಿಯಮ ಸರಿಯೇ, ದನ ಮೇಯಲು ನೆಲ ಬೇಕು. ಬೆಂಗಳೂರಿನಿಂದ 18 ಕಿಲೋಮೀಟರ್ ಒಳಗೆ ಬಗರ್ ಹುಕುಂ ಸಕ್ರಮಕ್ಕೆ ಅವಕಾಶವೇ ಇಲ್ಲವೆಂದು ಕಾನೂನು ಹೇಳುತ್ತದೆ, ಅದೂ ಸರಿಯೇ. ಆದರೆ ಅದೇ ಕಾನೂನಿನ ಕಣ್ಣೆದುರಿನಲ್ಲಿ ಅದೇ ಬೆಂಗಳೂರಿನಲ್ಲಿ 27 ಸಾವಿರ ಎಕರೆ ಹೋಯಿತು. ಹೊಟ್ಟೆಪಾಡಿಗೆ ಉತ್ತವನಿಗೆ ನಿಯಮ, ಲಾಭಕ್ಕೆ ಕಬಳಿಸಿದವನಿಗೆ ಕಾಲಾವಕಾಶ. ರಾಮಸ್ವಾಮಿ ವರದಿ ಕೊಣನೂರಿನ ವರದಿಯೂ ಆಗುವುದು ಇಲ್ಲಿ. ಹಾಸನ ಜಿಲ್ಲೆಗೂ ಈ ರೋಗ ಹೊಸದಲ್ಲ. ಹೇಮಾವತಿ ಜಲಾಶಯಕ್ಕೆ ಮನೆ, ಹೊಲ ಕಳೆದುಕೊಂಡವರಿಗೆಂದು ಇಟ್ಟ ಜಮೀನು ಮುಳುಗಡೆಯವರಲ್ಲದವರ ಹೆಸರಿಗೆ ಹೋಗಿದೆ ಎಂಬ ದೂರು ವರ್ಷಗಳಿಂದ ಇದೆ.

ತಾಲೂಕು ಮಟ್ಟದ ಬಗರ್ ಹುಕುಂ ಸಮಿತಿಯ ಅಧ್ಯಕ್ಷರು ಸ್ಥಳೀಯ ಶಾಸಕರೇ. ತಹಶೀಲ್ದಾರರು ಕಾರ್ಯದರ್ಶಿ. ಅರಕಲಗೂಡಿನಲ್ಲಿ ಆ ಕುರ್ಚಿಯಲ್ಲಿ ಯಾರು ಕುಳಿತರೂ, ಎಷ್ಟು ಸಭೆ ನಡೆಸಿದರು, ಎಷ್ಟು ಅರ್ಜಿ ಮಂಜೂರು ಮಾಡಿದರು, ಎಷ್ಟನ್ನು ಯಾವ ಕಾರಣಕ್ಕೆ ತಿರಸ್ಕರಿಸಿದರು ಎಂಬ ಪಟ್ಟಿ ಊರೂರಿನ ಪಂಚಾಯಿತಿ ಕಟ್ಟೆಯ ಮೇಲೆ ಅಂಟಬೇಕಿತ್ತು. ಬೆಂಗಳೂರಿನ ದೊಡ್ಡವರ ಸರ್ವೆ ನಂಬರುಗಳನ್ನು ಬಯಲಿಗೆಳೆದ ಶಾಸಕರಿಂದ ಅವರ ಸ್ವಂತ ಕ್ಷೇತ್ರದ ಜನ ಅದಕ್ಕಿಂತ ಕಡಿಮೆ ನಿರೀಕ್ಷಿಸಬೇಕಾಗಿಲ್ಲ. ಬೆಂಗಳೂರು ನಗರ ಜಿಲ್ಲೆಗೆ ಮಾಡಿದ ಕೆಲಸವನ್ನು ಹಾಸನ ಜಿಲ್ಲೆಗೂ ಮಾಡಿಸುವುದು ಆ ವರದಿಯ ಸಹಜವಾದ ಮುಂದಿನ ಹೆಜ್ಜೆಯಾಗಬೇಕಿತ್ತು. ಅದು ಆಗದೆ ಹೋದದ್ದು ಅವರ ದಾಖಲೆಯ ದೊಡ್ಡ ಕೊರತೆ ಎಂದೇ ನಾವು ಭಾವಿಸುತ್ತೇವೆ.

ಇನ್ನು ಅವರ ರಾಜಕೀಯ ನಡೆ. ವರದಿ ಕೊಟ್ಟ ಮರುವರ್ಷ, 2008ರಲ್ಲಿ, ಅವರು ಸೋತರು. 2013ರಲ್ಲೂ ಸೋತರು. ಎರಡೂ ಸಲ ಗೆದ್ದವರು ಕಾಂಗ್ರೆಸ್‌ನ ಎ. ಮಂಜು. ಹತ್ತು ವರ್ಷ ಸದನದಿಂದ ಹೊರಗಿದ್ದು 2018ರಲ್ಲಿ, ಆಗ ಸಚಿವರಾಗಿದ್ದ ಮಂಜು ಅವರನ್ನೇ ಸೋಲಿಸಿ ರಾಮಸ್ವಾಮಿಯವರು ಮರಳಿ ಬಂದರು. ಸೋತರೂ ತಾಳಿಕೊಂಡು ನಿಂತದ್ದಕ್ಕೆ ಕ್ಷೇತ್ರ ಕೊಟ್ಟ ಮನ್ನಣೆಯದು. 2019ರ ಜುಲೈನಲ್ಲಿ 17 ಶಾಸಕರ ಬಂಡಾಯದಿಂದ ಜೆಡಿಎಸ್–ಕಾಂಗ್ರೆಸ್ ಮೈತ್ರಿ ಸರ್ಕಾರ ಅಲುಗಾಡಿದಾಗ, ಮುಂಬೈನ ಹೋಟೆಲಿನತ್ತ ಹೊರಟವರ ಸಾಲಿನಲ್ಲಿ ರಾಮಸ್ವಾಮಿಯವರು ಇರಲಿಲ್ಲ. ಜುಲೈ 23ರಂದು 99–105 ಮತಗಳಿಂದ ಸರ್ಕಾರ ಉರುಳಿದ ದಿನವೂ ತಮ್ಮ ಜಾಗದಲ್ಲೇ ಇದ್ದರು. ಆ ಹೊತ್ತಿನಲ್ಲಿ ಅದು ಸಣ್ಣ ಮಾತಲ್ಲ. ಅಂದಿನ ಅವರ ನಿಲುವನ್ನು ಮೆಚ್ಚಿದವರಲ್ಲಿ ನಾವೂ ಇದ್ದೇವೆ.

ಆ ಮೆಚ್ಚುಗೆಯೇ ಇಂದಿನ ಕಟು ಮಾತಿಗೆ ಕಾರಣ. 2023ರ ಮಾರ್ಚ್ 31ರಂದು ರಾಮಸ್ವಾಮಿಯವರು ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಮರುದಿನವೇ ದೆಹಲಿಯಲ್ಲಿ ಬಿಜೆಪಿ ಸೇರಿದರು. ಸದಸ್ಯತ್ವ ಬಿಟ್ಟು ಹೋದದ್ದರಿಂದ ಕಾನೂನಿನ ತೊಡಕೇನೂ ಇರಲಿಲ್ಲ. ಪ್ರಶ್ನೆ ನೀತಿಯದು. ಯಾವ ಪಕ್ಷದ ಆಡಳಿತ ಬಾಲಸುಬ್ರಮಣಿಯನ್ ವರದಿಯನ್ನು ಮೂಲೆಗೆ ತಳ್ಳಿತೋ, 79ಎ, 79ಬಿ ಕಲಮುಗಳನ್ನು ಕಿತ್ತಿತೋ, ಅವರ ವರದಿಯಿಂದ ಬಲ ಪಡೆದ ಕಾಯ್ದೆಯ ವ್ಯಾಪ್ತಿಯನ್ನು ಹಿಂದಿನ ವರ್ಷವಷ್ಟೇ ಕುಗ್ಗಿಸಿತೋ, ಆ ಪಕ್ಷವನ್ನೇ ಅವರು ಸೇರಿದರು. ಸೇರುವ ಮುನ್ನ ಹಾಕಬಹುದಾಗಿದ್ದ ಷರತ್ತು ಒಂದಿತ್ತು: ನನ್ನ ವರದಿ ಜಾರಿಯಾಗಲಿ, 2022ರ ತಿದ್ದುಪಡಿ ವಾಪಸಾಗಲಿ. ಜನರ ಮುಂದೆ ಅಂಥ ಒಂದು ಷರತ್ತು ಇಟ್ಟು ಹೋಗಿದ್ದರೆ ಇಂದು ನಮ್ಮ ಮಾತು ಬೇರೆಯಾಗುತ್ತಿತ್ತು. ಆ ವರ್ಷದ ವಿಧಾನಸಭಾ ಚುನಾವಣೆಯಲ್ಲಿ ಬಿಜೆಪಿ ಅರಕಲಗೂಡಿನ ಟಿಕೆಟನ್ನು ಇನ್ನೊಬ್ಬರಿಗೆ ಕೊಟ್ಟಿತು. ಆರು ತಿಂಗಳು ತುಂಬುವ ಮೊದಲೇ, 2023ರ ಸೆಪ್ಟೆಂಬರ್‌ನಲ್ಲಿ, ಅವರು ಬಿಟ್ಟ ಪಕ್ಷ ಮತ್ತು ಹೋದ ಪಕ್ಷ ಮೈತ್ರಿ ಮಾಡಿಕೊಂಡವು. ತತ್ವದ ಲೆಕ್ಕ ಬಿಡಿ, ಲೌಕಿಕದ ಲೆಕ್ಕದಲ್ಲೂ ಆ ಹೆಜ್ಜೆಯಿಂದ ಗಳಿಸಿದ್ದು ಕಾಣುವುದಿಲ್ಲ.

ಅವರ ಪರವಾಗಿ ಹೇಳುವ ಮಾತನ್ನೂ ಕೇಳೋಣ. ಪಕ್ಷವೇ ಅವರನ್ನು ಮೊದಲು ಕೈಬಿಟ್ಟಿತು ಎನ್ನುತ್ತಾರೆ. ಇದು ನಿಜ. 2019ರ ಲೋಕಸಭಾ ಚುನಾವಣೆಯಲ್ಲಿ ಹಾಸನದಲ್ಲಿ ಬಿಜೆಪಿಯಿಂದ ನಿಂತು ಜೆಡಿಎಸ್ ವಿರುದ್ಧ ಸೆಣಸಿದ್ದ ಎ. ಮಂಜು ಅವರನ್ನೇ ಕರೆತಂದು, ಹಾಲಿ ಶಾಸಕರ ಕ್ಷೇತ್ರದಲ್ಲಿ 2023ರ ವಿಧಾನಸಭಾ ಚುನಾವಣೆಯ ಅಭ್ಯರ್ಥಿ ಎಂದು ಜೆಡಿಎಸ್ ಘೋಷಿಸಿತು. ರೈತರ ಪಕ್ಷವೆಂದು ಹೇಳಿಕೊಳ್ಳುವ ಪಕ್ಷಕ್ಕೆ, ರೈತರ ನೆಲದ ಬಗ್ಗೆ ರಾಜ್ಯದಲ್ಲೇ ಮುಖ್ಯವಾದ ವರದಿ ಕೊಟ್ಟ ತನ್ನ ಶಾಸಕ ಬೇಡವಾದರು. ಈ ತಪ್ಪಿನ ಹೊಣೆಯನ್ನು ಆ ಪಕ್ಷದ ವರಿಷ್ಠರು ಹೊರಲೇಬೇಕು. ಒಂಟಿಯಾದವರು ಎಲ್ಲಿಗೆ ಹೋಗಬೇಕಿತ್ತು ಎಂಬುದು ಎರಡನೆಯ ಮಾತು. ಉತ್ತರವನ್ನು ದೊರೆಸ್ವಾಮಿಯವರು 2014ರಲ್ಲೇ ಕೊಟ್ಟಿದ್ದಾರೆ. ಬೀದಿಯಲ್ಲಿ ಜಾಗವಿತ್ತು, ಪಕ್ಷೇತರರಾಗಿ ನಿಲ್ಲುವ ಕಣವಿತ್ತು, ಚುನಾವಣೆಗೇ ನಿಲ್ಲದೆ ವರದಿಯನ್ನು ಊರೂರಿಗೆ ಒಯ್ಯುವ ದಾರಿ ಇತ್ತು. ಸೋಲಿನ ಭಯವಿಲ್ಲದೆ 2008ರಿಂದ ಹತ್ತು ವರ್ಷ ಕಾದವರಿಗೆ ಆ ದಾರಿ ಅಪರಿಚಿತವೇನಲ್ಲ.

ಮತದಾರರಾದ ನಾವೂ ಕಟಕಟೆಯಿಂದ ಹೊರಗಿಲ್ಲ. ಅರಕಲಗೂಡಿನಿಂದ ವಿಧಾನಸಭೆಗೆ ಹೋಗಿ ನೀರಾವರಿ ಸಚಿವರಾದ ಎಚ್.ಎನ್. ನಂಜೇಗೌಡರು ಕಾವೇರಿ ವಿವಾದವನ್ನು ಒಳಹೊರಗು ಬಲ್ಲವರೆಂದು ನಾಡಿಗೇ ಹೆಸರಾಗಿದ್ದರು. ವಿಷಯ ಬಲ್ಲ ಶಾಸಕರನ್ನು ಕಳಿಸಿದ ಹೆಮ್ಮೆ ಈ ತಾಲೂಕಿಗೆ ಇದೆ. ಆದರೆ ಭೂ ವರದಿಯ ಕರ್ತೃವನ್ನು ಆ ವರದಿಯ ಮರುವರ್ಷವೇ ಸೋಲಿಸಿದಾಗ ಆ ವರದಿಯ ಹೆಸರು ನಮ್ಮ ಹಳ್ಳಿಗಳ ಪ್ರಚಾರದಲ್ಲಿ ಎಷ್ಟು ಕೇಳಿತ್ತು? ಮದುವೆ, ತಿಥಿಗೆ ಬರುವುದು, ರಸ್ತೆಗೆ ಡಾಂಬರು, ಜಾತಿಯ ಲೆಕ್ಕ: ಇವುಗಳ ಮೇಲೆ ಮತ ಹಾಕಿ ಶಾಸಕರಿಂದ ತತ್ವನಿಷ್ಠೆ ಬಯಸುವುದು ನ್ಯಾಯವಲ್ಲ. ಬಿಜೆಪಿ, ಕಾಂಗ್ರೆಸ್, ಜೆಡಿಎಸ್ ಮೂರೂ ಪಕ್ಷದ ಗುರುತಿನಲ್ಲಿ ಬೇರೆ ಬೇರೆ ಚುನಾವಣೆಗಳಲ್ಲಿ ಗೆದ್ದವರನ್ನು ಕಂಡಿರುವ ಕ್ಷೇತ್ರ ನಮ್ಮದು. ಪಕ್ಷಾಂತರಕ್ಕೆ ಇಲ್ಲಿ ಬೆಲೆ ತೆರಬೇಕಾಗಿಲ್ಲ ಎಂದು ನಾಯಕರಿಗೆ ಕಲಿಸಿದವರು ನಾವೇ.

ಹಾಗಾಗಿ ನಮ್ಮ ತೀರ್ಪು ಮೂರು ಮಾತಿನದು. ಶಾಸನಕಾರರಾಗಿ ಎ.ಟಿ. ರಾಮಸ್ವಾಮಿಯವರು ಉತ್ತೀರ್ಣರು, ಅದೂ ಉನ್ನತ ದರ್ಜೆಯಲ್ಲಿ. ಆ ವರದಿಯ ಕಾವಲುಗಾರರಾಗಿ ಅವರು ಅರ್ಧ ದಾರಿಯಲ್ಲಿ ನಿಂತರು. ಪ್ರಗತಿಪರ ರಾಜಕಾರಣಿಯಾಗಿ, 2023ರ ಏಪ್ರಿಲ್ 1ರಂದು, ಅವರು ಸೋತರು. ಆ ಸೋಲನ್ನು ಮತದಾರರು ಕೊಟ್ಟದ್ದಲ್ಲ, ತಾವಾಗಿ ತಂದುಕೊಂಡದ್ದು. ಪ್ರಗತಿಪರ ಎಂಬ ಹೆಸರು ಒಮ್ಮೆ ಗಳಿಸಿದರೆ ಜೀವನಪರ್ಯಂತ ಬರುವ ಪಿಂಚಣಿಯಲ್ಲ. ಪ್ರತಿ ನಿರ್ಧಾರದಲ್ಲೂ ಅದನ್ನು ಮತ್ತೆ ಸಂಪಾದಿಸಬೇಕು. ಅವರಿಗೆ ಇನ್ನೂ ಅವಕಾಶವಿದೆ. ಯಾವ ಪಕ್ಷದಲ್ಲಿದ್ದರೂ, ಇಲ್ಲದಿದ್ದರೂ, 2007ರ ವರದಿಯ ಒಂದೊಂದು ಪುಟಕ್ಕೂ ಸರ್ಕಾರದಿಂದ ಉತ್ತರ ಕೇಳುವ ಅಧಿಕಾರ ಅವರಿಗಿರುವಷ್ಟು ಇನ್ನಾರಿಗೂ ಇಲ್ಲ.

ತೀರ್ಪಿನ ಜೊತೆಗೆ ಆದೇಶವೂ ಇರಬೇಕು. ರಾಜ್ಯ ಸರ್ಕಾರ ರಾಮಸ್ವಾಮಿ ಸಮಿತಿಯ ಎರಡೂ ವರದಿಗಳ ಮೇಲೆ ಸರ್ವೆ ನಂಬರುವಾರು ಕ್ರಮ ಕೈಗೊಂಡ ವಿವರವನ್ನು ವಿಧಾನಮಂಡಲದ ಮುಂದಿನ ಅಧಿವೇಶನದಲ್ಲೇ ಮಂಡಿಸಬೇಕು. ಸರ್ಕಾರಿ ಜಮೀನಿನ ಮೇಲೆ ಕಣ್ಣಿಡಲು ಕಂದಾಯ ಇಲಾಖೆ ಲ್ಯಾಂಡ್ ಬೀಟ್ ಆ್ಯಪ್ ತಂದಿದೆ. ಅದರಲ್ಲಿ ಕಂಡುಬಂದ ಒತ್ತುವರಿಯ ಪಟ್ಟಿ ಗ್ರಾಮಸಭೆಗೆ ಬರಬೇಕು. 2022ರ ತಿದ್ದುಪಡಿಯನ್ನು ತಿದ್ದಿ, 4 ಎಕರೆ 38 ಗುಂಟೆಯ ಮಿತಿಯೊಳಗಿನ ಸಾಗುವಳಿದಾರನಿಗೆ ಮಾತ್ರ ರಕ್ಷಣೆ ಕೊಟ್ಟು, ಉಳಿದವರನ್ನು ಮತ್ತೆ ಕಾಯ್ದೆಯ ವ್ಯಾಪ್ತಿಗೆ ತರಬೇಕು. ಅರಕಲಗೂಡಿನ ಹಾಲಿ ಶಾಸಕರು ಬಗರ್ ಹುಕುಂ ಸಮಿತಿಯ ಅಧ್ಯಕ್ಷರಾಗಿ, ಬಾಕಿ ಇರುವ ನಮೂನೆ 50, 53, 57ರ ಅರ್ಜಿಗಳ ಪೂರ್ತಿ ಪಟ್ಟಿಯನ್ನು ಹೋಬಳಿವಾರು ಪ್ರಕಟಿಸಬೇಕು. ಮುಂದಿನ ಚುನಾವಣೆಯಲ್ಲಿ ಕೊಣನೂರು ಹೋಬಳಿಗೆ ಮತ ಕೇಳಲು ಬರುವ ಯಾವುದೇ ಅಭ್ಯರ್ಥಿಯನ್ನು, ಯಾವುದೇ ಪಕ್ಷದವರನ್ನು, ನಮ್ಮ ಓದುಗರು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಆ ಪಟ್ಟಿ ಎಲ್ಲಿ? ಉತ್ತರ ಕೊಡದವರಿಗೆ ಮತ ಕೊಡಬೇಕಾಗಿಲ್ಲ.